ಪಟೇಲರ ರುಮಾಲು ಮಾರಾಟಕ್ಕೆ ಬಂದದ್ದು

ನನ್ನ ಉದ್ಯೋಗದ ಬಹುಪಾಲನ್ನು ನಾನು ಮೀಸೆ ಹೊತ್ತುಕೊಂಡೇ ಕಳೆದೆ. ಹುರಿ ಮಾಡಿದ ಗಿರಿಜಾ ಮೀಸೆ, ಕಚ್ಚೆಪಂಚೆ, ಕೈಯಲ್ಲಿ ಬೆತ್ತ, ತಲೆಗೆ ಸುತ್ತಿದ ಕೆಂಪಂಚಿನ ರುಮಾಲು. ಬೆಳಿಗ್ಗೆ ಕೊಡಿಗೇಹಳ್ಳಿಯ ನಮ್ಮ ಮನೆಯಲ್ಲಿ ಸೀರೆ ಉಟ್ಟು, ಡಬ್ಬಿಗೆ ಚಿತ್ರಾನ್ನ ಹಾಕಿಕೊಂಡು, ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಆಫೀಸಿಗೆ ನಡೆದುಹೋಗಿ ಕಂಪ್ಯೂಟರ್ ಹಾಕಿದರೆ ನಾನು ಪಟೇಲ. ಸಂಜೆ ಆರಿಸಿದರೆ ಮತ್ತೆ ನಾಗರತ್ನ. ನಿವೃತ್ತಿಯಾದ ಮೇಲೂ ನನ್ನ ಕೈ ಆಗಾಗ ಮೇಲ್ದುಟಿಯ ಹತ್ತಿರ ಹೋಗುತ್ತದೆ.

ಈಗ ಇದೇ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಫೋನ್ ಮಾಡಿ, ಆಟಗಾರರ ದೂರು ವಿಭಾಗದಲ್ಲಿ ಏನು ಕೆಲಸ ಇರುತ್ತದೆ ಎಂದು ಕೇಳುತ್ತಾರೆ. ಕೇಳುವಾಗಲೇ ಅವರ ದನಿಯಲ್ಲಿ, ಇದೂ ಒಂದು ಕೆಲಸವೇ ಎಂಬ ಸಂಶಯ ಕೇಳಿಸುತ್ತದೆ. ಅವರಿಗೆ ಫೋನಿನಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿಗಳ ವಿಷಯ ಬಿಟ್ಟಿದ್ದೇನೆ. ಪ್ರತಿ ಬಡ್ತಿಗೂ ಒಂದು ಕಾಫಿ ಮಗ್ಗು ಕೊಟ್ಟಿದ್ದರು, ಅಷ್ಟೇ.

ನಮ್ಮ ಆಟದ ಹೆಸರು 'ಏಳೂರು'. ಇಂಟರ್ನೆಟ್ಟಿನಲ್ಲಿ ಸಾವಿರಾರು ಜನ ಒಟ್ಟಿಗೆ ಬಂದು ಸೇರುವ ಆಟ. ಒಳಗೆ ಹೊಲವಿತ್ತು, ಕೆರೆಯಿತ್ತು, ಕಟ್ಟಿಕೊಳ್ಳಲು ಮನೆಯಿತ್ತು, ಊರ ನಡುವೆ ಆಲದ ಮರದ ಕೆಳಗೆ ಒಂದು ಕಟ್ಟೆಯಿತ್ತು. ಕಾಡಿನಲ್ಲಿ ರಾಕ್ಷಸರನ್ನೂ ಬಿಟ್ಟಿದ್ದೆವು. ಆದರೆ ಜನ ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುವುದರಲ್ಲೇ ಮುಳುಗಿದ್ದರಿಂದ ರಾಕ್ಷಸರು ವರ್ಷಗಟ್ಟಲೆ ಸುಮ್ಮನೆ ಅಡ್ಡಾಡಿಕೊಂಡಿದ್ದರು.

ನಾನು ಮೊದಲು ಪೇಜರ್ ಕಂಪನಿಯಲ್ಲಿ ಇನ್ನೊಬ್ಬರ ಸಂದೇಶ ಬರೆದುಕೊಳ್ಳುವ ಕೆಲಸದಲ್ಲಿದ್ದೆ. ಮೊಬೈಲು ಬಂದು ಅದಕ್ಕೆ ಮಣ್ಣು ಹಾಕಿತು. ಆಮೇಲೆ ನನಗೆ ಕೆಲಸ ಕೊಟ್ಟವರು ಏಳೂರಿನ ಮೊದಲ ಯಜಮಾನರಾದ ಶ್ರೀಕಂಠಯ್ಯ. ಅವರು ಅದಕ್ಕೂ ಮುಂಚೆ ಆರ್.ಟಿ. ನಗರದಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದವರು, ಆಟವನ್ನೂ ಕೇಬಲ್ಲಿನಂತೆಯೇ ನಡೆಸಿದರು. ತಿಂಗಳ ಚಂದಾ ಕಟ್ಟಿದರೆ ಆಟ, ಇಲ್ಲದಿದ್ದರೆ ಕಟ್. ಬ್ರೌಸಿಂಗ್ ಸೆಂಟರಿನಲ್ಲಿ ಕಾರ್ಡು ಕೊಂಡು, ಉಜ್ಜಿ, ನಂಬರು ಒತ್ತಬೇಕು. ಅವಧಿ ಮುಗಿದವರು ಆ ಕ್ಷಣದಲ್ಲಿ ಎಲ್ಲಿದ್ದರೋ ಅಲ್ಲೇ ಬೊಂಬೆಯಾಗಿ ನಿಲ್ಲುತ್ತಿದ್ದರು. ಒಮ್ಮೆ ಕಟ್ಟೆಯ ಮೇಲೆ ಇಬ್ಬರು ಆಟಗಾರರ ಮದುವೆ ನಡೆಯುತ್ತಿತ್ತು. ತಾಳಿ ಹಿಡಿದು ಬಗ್ಗಿದ ವರ ಹಾಗೇ ನಿಂತುಬಿಟ್ಟ. ವಧುವಿನ ಕಡೆಯವರೊಬ್ಬರು ಕಾರ್ಡು ತರಲು ಓಡಿದರು. ಅವರು ಬರುವಷ್ಟರಲ್ಲಿ ಪುರೋಹಿತರ ಚಂದಾ ಮುಗಿದಿತ್ತು. ಆ ಕಾಲವೇ ಚೆನ್ನಾಗಿತ್ತು ಎಂದು ಯಾರಾದರೂ ಹಳಬರು ನಿಮ್ಮ ಮುಂದೆ ನಿಟ್ಟುಸಿರು ಬಿಟ್ಟರೆ ಪೂರ್ತಿ ನಂಬಬೇಡಿ.

ಪಟೇಲ ಹುಟ್ಟಿದ್ದು ಜಗಳಗಳಿಂದ. ಒಬ್ಬರ ಹೊಲಕ್ಕೆ ಇನ್ನೊಬ್ಬರ ಎಮ್ಮೆ ನುಗ್ಗಿತು, ಒಬ್ಬರ ಬಾಗಿಲಿಗೆ ಇನ್ನೊಬ್ಬರು ಬಣ್ಣ ಬಳಿದರು, ಹೀಗೆ ದಿನಕ್ಕೊಂದು ದೂರು. ಇ-ಮೇಲಿನಲ್ಲಿ ಉತ್ತರ ಕೊಟ್ಟರೆ ಜಗಳ ಇನ್ನಷ್ಟು ಉದ್ದವಾಗುತ್ತಿತ್ತು. ನಾನು ಶ್ರೀಕಂಠಯ್ಯನವರಿಗೆ, ಒಳಗೇ ಹೋಗಿ ಎದುರು ಬದುರು ಕೂರಿಸಿ ಕೇಳೋಣ ಎಂದೆ. ನಮ್ಮ ಸೋದರಮಾವ ಕೊಡಿಗೇಹಳ್ಳಿ ಹಳ್ಳಿಯಾಗಿದ್ದಾಗ ಹಾಗೇ ಮಾಡುತ್ತಿದ್ದರು. ಯಾರು ಜಗಳ ತಂದರೂ ಅವರ ಮೊದಲ ಮಾತು, "ಊಟ ಆಯ್ತಾ? ಇಲ್ದಿದ್ರೆ ಉಂಡ್ಬನ್ನಿ. ಅಸ್ಕೊಂಡೋರ ನ್ಯಾಯ ನಾನು ಕೇಳಾಕಿಲ್ಲ." ಉಂಡು ಬರುವಷ್ಟರಲ್ಲಿ ಅರ್ಧ ಜಗಳ ಕರಗಿರುತ್ತಿತ್ತು. ನನ್ನ ಪಟೇಲನೂ ಅದನ್ನೇ ಕೇಳತೊಡಗಿದ. ಊಟ ಆಯ್ತಾ ಎಂದು ಕೇಳದೆ ಪಟೇಲ ಯಾರ ಜೊತೆಯೂ ಮಾತು ಶುರು ಮಾಡಿದ್ದಿಲ್ಲ.

ಪಟೇಲನನ್ನು ಬಿಡಿಸಿದ ಕಲಾವಿದ ಮೋಹನ. ಆ ಕಸುಬಿನಲ್ಲಿ ಒಂದು ರೂಢಿಯಿದೆ, ಕಣ್ಣಿಗೆ ಕಾಣದ್ದನ್ನು ಬಿಡಿಸುವುದಿಲ್ಲ. ಬೆಟ್ಟಕ್ಕೆ ಹಿಂಭಾಗವಿರುವುದಿಲ್ಲ, ಮುಚ್ಚಿದ ಪೆಟ್ಟಿಗೆಗೆ ತಳವಿರುವುದಿಲ್ಲ. ರುಮಾಲಿನ ಒಳಗೆ ತಲೆ ಬಿಡಿಸಲೇ ಎಂದು ಮೋಹನ ಕೇಳಿದಾಗ ಶ್ರೀಕಂಠಯ್ಯ, ಪಟೇಲ ಯಾರ ಮುಂದೆ ರುಮಾಲು ತೆಗೆಯುತ್ತಾನೆ, ಸುಮ್ಮನೆ ಎರಡು ದಿನ ದಂಡ ಎಂದರು. ಹಾಗಾಗಿ ನಮ್ಮ ಪಟೇಲನಿಗೆ ಹುಬ್ಬಿನಿಂದ ಮೇಲೆ ಏನೂ ಇರಲಿಲ್ಲ. ಉಳಿದ ಆಟಗಾರರಿಗೆ ತಲೆಯ ಮೇಲೆ ಹೆಸರು ಕಾಣುತ್ತಿತ್ತು, ಅವನಿಗೆ ಅದೂ ಇರಲಿಲ್ಲ. ಆ ರುಮಾಲು ಏಳೂರಿನಲ್ಲಿ ಇನ್ನೊಬ್ಬರ ಹತ್ತಿರ ಇಲ್ಲದ್ದರಿಂದ ಅದೇ ಅವನ ಗುರುತು.

ಜನ ಅದಕ್ಕೆ ಎಷ್ಟು ಮರ್ಯಾದೆ ಕೊಡುತ್ತಿದ್ದರು ಅಂದರೆ, ಒಂದು ಸಲ ನಾನು ಪಟೇಲನನ್ನು ಒಂದು ಬಾವಿಯ ಪಕ್ಕ ನಿಲ್ಲಿಸಿ, ಆರಿಸುವುದನ್ನು ಮರೆತು, ಯಲಹಂಕದಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿಬಿಟ್ಟೆ. ಹೋಳಿಗೆ ಊಟ ಮುಗಿಸಿ ಬಂದು ನೋಡಿದರೆ ಬಾವಿಯ ಸುತ್ತ ದೀಪ ಹಚ್ಚಿದ್ದಾರೆ, ಉದ್ದನೆಯ ಸಾಲು ನಿಂತಿದೆ. ಪಟೇಲರು ಬೆಳಗಿನಿಂದ ಮೌನವಾಗಿ ನಿಂತಿದ್ದಾರೆ, ಈ ನೀರಿನಲ್ಲಿ ಏನೋ ವಿಶೇಷವಿದೆ ಎಂದು ಸುದ್ದಿ ಹಬ್ಬಿತ್ತು. ನಾನು ನಿಜ ಹೇಳಿದೆ. ಯಾರೂ ನಂಬಲಿಲ್ಲ. ಆ ಬಾವಿಗೆ ಇವತ್ತಿಗೂ ಹರಕೆ ಹೊರುತ್ತಾರೆ.

ನೂರಾರು ನ್ಯಾಯಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ, ಮುಂದಿನ ಕಥೆಗೆ ಅದು ಬೇಕು. ಮಲ್ಲಿಗೆ ಮತ್ತು ಚುಕ್ಕಿ ಎಂಬ ಹೆಸರಿನ ಇಬ್ಬರು ಆಟಗಾರ್ತಿಯರು ಸೇರಿ ಕೆರೆಯ ಪಕ್ಕ ಒಂದು ಮನೆ ಕಟ್ಟಿದ್ದರು. ಒಬ್ಬಳು ಹಾಕಿದ ರಂಗೋಲಿಯನ್ನು ಇನ್ನೊಬ್ಬಳು ಅಳಿಸಿ ತನ್ನದು ಹಾಕುತ್ತಾಳೆ ಎಂದು ಇಬ್ಬರೂ ದೂರು ತಂದರು. ಊಟ ಆಯ್ತಾ ಎಂದು ಕೇಳಿ, ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿ, ನಾಳೆಯಿಂದ ಒಬ್ಬರು ಚುಕ್ಕಿ ಇಡಿ, ಇನ್ನೊಬ್ಬರು ಗೆರೆ ಎಳೆಯಿರಿ ಎಂದು ತೀರ್ಪು ಕೊಟ್ಟೆ. ಅವತ್ತಿನಿಂದ ದಿನಾ ಸಂಜೆ ಆ ಬಾಗಿಲಲ್ಲಿ ಅಷ್ಟಗಲದ ರಂಗೋಲಿ ಬೀಳತೊಡಗಿತು. ಆ ಮನೆಯ ಮುಂದೆ ಹಾದುಹೋಗುವಾಗ ಪಟೇಲನ ನಡಿಗೆಯೇ ಸ್ವಲ್ಪ ನಿಧಾನವಾಗುತ್ತಿತ್ತು. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆ ಅನ್ನಿಸುತ್ತಿದ್ದ ಜಾಗ ಅದು.

ಶ್ರೀಕಂಠಯ್ಯ ಆಟವನ್ನು ಮಾರಿ ಹೆಸರಘಟ್ಟದ ಕಡೆ ಹಸು ಸಾಕಲು ಹೋದರು. ಕೊಂಡವರು ಚೇತನ್ ಎಂಬ ಹೊಸ ಮುಖ್ಯಸ್ಥರನ್ನು ಕಳಿಸಿದರು. ನನಗಿಂತ ತುಂಬಾ ಚಿಕ್ಕವರು, ಯಾವಾಗಲೂ ನಿಂತುಕೊಂಡೇ ಮಾತಾಡುವವರು. ಹೆಬ್ಬಾಳದ ಫ್ಲೈಓವರ್ ಪಕ್ಕದ ಹೋಟೆಲಿಗೆ ನಮ್ಮನ್ನೆಲ್ಲ ಕರೆದು, ಇನ್ನು ಮೇಲೆ ಚಂದಾ ಇಲ್ಲ, ಆಟ ಎಲ್ಲರಿಗೂ ಉಚಿತ ಎಂದು ಘೋಷಿಸಿದರು. ನಾವು ಚಪ್ಪಾಳೆ ಹೊಡೆದೆವು. ಹಾಗಾದರೆ ಸಂಬಳ ಎಲ್ಲಿಂದ ಎಂದು ಮೋಹನ ಕೇಳಿದ. ಚೇತನ್ ಪರದೆಯ ಮೇಲೆ ಬಾಣಗಳನ್ನೂ ವೃತ್ತಗಳನ್ನೂ ತೋರಿಸಿ ಬಹಳ ಹೊತ್ತು ವಿವರಿಸಿದರು. ಸುತ್ತ ಕೂತವರಿಗೆ ಅರ್ಥವಾಗಲಿಲ್ಲ. ನಾನು ಮೋಹನನ ಕಿವಿಯಲ್ಲಿ, ದೇವಸ್ಥಾನದಲ್ಲಿ ಧರ್ಮದರ್ಶನದ ಸಾಲು ಇರುತ್ತದಲ್ಲ, ಅದು ಆಟ, ಪಕ್ಕದಲ್ಲಿ ವಿಶೇಷ ದರ್ಶನದ ಸಾಲು ಇರುತ್ತದಲ್ಲ, ಅದು ನಮ್ಮ ಸಂಬಳ ಎಂದೆ. ಅವನಿಗೆ ತಕ್ಷಣ ತಿಳಿಯಿತು.

ಉಚಿತ ಎಂದ ಕೂಡಲೇ ಜನ ಪ್ರವಾಹದಂತೆ ಬಂದರು. ಅವರಿಗೆ ಏನು ಮಾರುವುದು ಎಂದು ದಿನಾ ಸಭೆ. ಮೊದಲು ಕಟ್ಟೆಯ ಮೇಲೆ ಕೂರುವ ಹಕ್ಕನ್ನು ಮಾರಿದರು. ದುಡ್ಡು ಕೊಡದವರು ನಿಂತೇ ಹರಟಬೇಕು. ಆಮೇಲೆ ಛತ್ರಿ ಮಾರಿದರು. ಛತ್ರಿ ಹೋಗಲಿಲ್ಲ, ಯಾಕೆಂದರೆ ಏಳೂರಿನಲ್ಲಿ ಮಳೆ ಅಪರೂಪ. ಮರುವಾರದಿಂದ ದಿನಾ ಮಳೆ. ಹೊಲಗಳಲ್ಲಿ ರಾಗಿ ಕೊಳೆಯಿತು ಎಂದು ದೂರು ಬಂದಾಗ, ಕೊಳೆಯದ ರಾಗಿ ಮಾರಾಟಕ್ಕೆ ಬಂತು. ನನ್ನ ವಿಭಾಗದ ಫೋನನ್ನು ಕಿತ್ತುಹಾಕಿ ಸಿದ್ಧ ಉತ್ತರಗಳನ್ನು ಕೊಟ್ಟರು. ನಮ್ಮ ಮನೆಯ ಗೋಡೆ ಬಿದ್ದಿದೆ ಎಂದು ಒಬ್ಬರು ಬರೆದರೆ, 'ನಿಮ್ಮ ಉತ್ಸಾಹ ನಮಗೆ ಸ್ಫೂರ್ತಿ' ಎಂಬ ಉತ್ತರ ತಾನಾಗಿಯೇ ಹೋಗುತ್ತಿತ್ತು. ಪಟೇಲನ ಅಧಿಕಾರವೂ ಹೋಯಿತು. ಮುಂಚೆ ನಾನೇ ಎಮ್ಮೆಯನ್ನು ಹಿಂದಿರುಗಿಸಬಹುದಿತ್ತು, ಈಗ ಎಲ್ಲದಕ್ಕೂ ಚೇತನ್ ಅವರ ಒಪ್ಪಿಗೆ ಬೇಕು. ಪಟೇಲ ಸುಮ್ಮನೆ ಬೆತ್ತ ಹಿಡಿದು ಓಡಾಡಬಹುದು, ಅಷ್ಟೇ.

ಓಡಾಡುವುದನ್ನೂ ಅವರು ನೋಡಿದರು. ಜನ ಈ ಮೀಸೆಯವನಿಗೆ ದಾರಿ ಬಿಡುತ್ತಾರಲ್ಲ, ಯಾಕೆ ಎಂದು ಕೇಳಿದರು. ಮರ್ಯಾದೆ ಎಂದೆ. ಚೇತನ್ ಅದನ್ನು ಬರೆದುಕೊಂಡರು. ಹದಿನೈದು ದಿನದಲ್ಲಿ 'ಪಟೇಲ್ ಪ್ಯಾಕ್' ಮಾರಾಟಕ್ಕೆ ಬಂತು. ಮೀಸೆ, ಪಂಚೆ, ಬೆತ್ತ, ರುಮಾಲು, ಜೊತೆಗೆ ಕಟ್ಟೆಯ ಮೇಲೆ ಕೂರುವ ಹಕ್ಕು. ಇನ್ನಷ್ಟು ಕೊಟ್ಟರೆ ತಲೆಯ ಮೇಲಿನ ಹೆಸರನ್ನೂ ಮರೆಮಾಡಬಹುದು. ಮಾರನೆಯ ದಿನ ನಾನು ಒಳಗೆ ಹೋದರೆ ಕಟ್ಟೆಯ ತುಂಬ ಪಟೇಲರು. ಒಬ್ಬ ಪಟೇಲ ಮರ ಹತ್ತಿದ್ದ, ಇಬ್ಬರು ಪಟೇಲರು ಕೆರೆಯಲ್ಲಿ ಈಜುತ್ತಿದ್ದರು. ಒಬ್ಬ ನನ್ನ ಹತ್ತಿರ ಬಂದು, ಮಚ್ಚಾ, ನಿನ್ನ ರುಮಾಲು ಸ್ವಲ್ಪ ಹಳೇದು, ಅಪ್ಡೇಟ್ ಮಾಡ್ಕೋ ಎಂದು ಬುದ್ಧಿ ಹೇಳಿದ. ನಗು ಬರಬೇಕಿತ್ತು. ನನಗೆ ಅಳು ಬಂತು.

ಒಂದು ಮಧ್ಯಾಹ್ನ ಬೇಕರಿಯವರು ಒಬ್ಬ ಹೆಂಗಸನ್ನು ಮೇಲೆ ಕಳಿಸಿದರು. ಹೆಸರು ಸರೋಜ, ಶೆಟ್ಟಿಹಳ್ಳಿಯಲ್ಲಿ ರವಿಕೆ ಹೊಲಿಯುವ ಅಂಗಡಿ, ಕುತ್ತಿಗೆಯಲ್ಲಿ ಇನ್ನೂ ಅಳತೆ ಟೇಪು. ಪಟೇಲರನ್ನು ನೋಡಬೇಕು ಎಂದರು. ನಾನೇ ಎಂದೆ. ಅವರು ನನ್ನ ಸೀರೆಯನ್ನೂ ಮುಖವನ್ನೂ ನೋಡಿ, ನನ್ನ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಹಣಕಿದರು. ನಾನು, ಊಟ ಆಯ್ತಾ ಎಂದು ಕೇಳಿದೆ. ಅವರು ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟರು.

ಸರೋಜ ಅಂದರೆ ಮಲ್ಲಿಗೆ. ಚುಕ್ಕಿ ಅವರ ಸ್ವಂತ ತಂಗಿ ಸುನಂದ, ಯಶವಂತಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ. ಇದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಹಿಂದಿನ ವಾರ ಒಬ್ಬ ಪಟೇಲ ಅವರ ಬಾಗಿಲಿಗೆ ಬಂದು, ಕೆರೆ ಪಕ್ಕದ ಮನೆಗಳಿಗೆಲ್ಲ ರಿಪೇರಿ ಇದೆ, ಕೀಲಿ ಕೊಟ್ಟಿರಿ ಎಂದಿದ್ದ. ತಲೆಯ ಮೇಲೆ ಹೆಸರಿಲ್ಲದ್ದು ನೋಡಿ, ನಿಜವಾದ ಪಟೇಲರೇ ಕೇಳಿದ ಮೇಲೆ ಇನ್ನೇನು ಎಂದು ಕೊಟ್ಟರು. ಕೀಲಿ ಯಾರ ಕೈಲಿದೆಯೋ ಮನೆ ಅವರದು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಊಟ ಆಯ್ತಾ ಅಂತ ಅವ್ನು ಕೇಳ್ಲಿಲ್ಲ ಮೇಡಂ. ಅವಾಗ್ಲೇ ನಂಗೆ ಡೌಟ್ ಬರ್ಬೇಕಿತ್ತು," ಎಂದರು ಸರೋಜ.

ಇನ್ನೊಂದು ಮನೆ ಕಟ್ಟಿಕೊಡಲು ಕೇಳುತ್ತೇನೆ ಎಂದು ನಾನು ಸಮಾಧಾನ ಮಾಡಲು ಹೋದೆ. ಅವರು ಬೇಡವೆಂದು ತಲೆಯಾಡಿಸಿದರು.

"ಹೊರಗಡೆ ನಾವಿಬ್ರೂ ಮಾತಾಡಲ್ಲ. ಅಪ್ಪನ ಸೈಟು ಮಾರೋವಾಗ ಅವಳನ್ನ ಒಂದ್ ಮಾತು ಕೇಳ್ಲಿಲ್ಲ ನಾನು. ಆ ಮನೆ ಒಳಗೆ ಮಾತ್ರ ಅಕ್ಕ-ತಂಗಿ ಆಗಿದ್ವಿ. ಈಗ ಅದನ್ನೂ ನಾನೇ ಮಾರ್ಕೊಂಡೆ ಅಂತಾಳೆ. ಪಟೇಲ್ರು ಕಿತ್ಕೊಂಡ್ರು ಅಂತ ಹೇಳ್ದೆ. ಪಟೇಲ್ರು ಹಂಗೆಲ್ಲ ಮಾಡೋರಲ್ಲ, ವೇಷದೋರ್ಗೆ ಕೀಲಿ ಕೊಡೋಷ್ಟು ದಡ್ಡಿ ನೀನಲ್ಲ, ಇನ್ನೊಂದ್ ಸುಳ್ಳು ಹೇಳ್ಬೇಡ ಅಂದ್ಲು."

ದಿನಾ ಸಂಜೆ ಸುನಂದ ಬಂದು ಆ ಮುಚ್ಚಿದ ಬಾಗಿಲ ಮುಂದೆ ಮಳೆಯಲ್ಲಿ ನಿಲ್ಲುತ್ತಾಳೆ, ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ ಎಂದರು. ನನ್ನ ಪಟೇಲನನ್ನು ಅಷ್ಟು ನಂಬಿದ್ದಕ್ಕೇ ಅವಳು ಅಕ್ಕನನ್ನು ನಂಬಲಿಲ್ಲ.

ಸರೋಜರನ್ನು ಅಲ್ಲೇ ಕೂರಿಸಿ ಚೇತನ್ ಅವರ ಹತ್ತಿರ ಹೋದೆ. ಅವರು ಕಂಪ್ಯೂಟರಿನಲ್ಲಿ ನೋಡಿ, ಕೀಲಿಯನ್ನು ಸ್ವಇಚ್ಛೆಯಿಂದ ಕೊಟ್ಟಿದ್ದಾರೆ, ನಿಯಮದ ಪ್ರಕಾರ ಇದು ಉಡುಗೊರೆ ಎಂದರು. ತೆಗೆದುಕೊಂಡವನು 'ಸೈಲೆಂಟ್ ಕಿಂಗ್' ಎಂಬ ಹೆಸರಿನವನು, ಪ್ಯಾಕು, ಛತ್ರಿ, ಕೊಳೆಯದ ರಾಗಿ ಎಲ್ಲವನ್ನೂ ಕೊಂಡವನು. ಹಾಗೆ ಕೈಬಿಚ್ಚಿ ಕೊಳ್ಳುವವರನ್ನು ಆ ವಿಭಾಗದವರು ತಿಮಿಂಗಿಲ ಎಂದು ಕರೆಯುತ್ತಾರೆ.

"ನಾಗರತ್ನ ಮೇಡಂ, ನೀವು ಇಮೋಷನಲ್ ಆಗ್ತಿದ್ದೀರ. ಆ ಲೇಡಿ ಇದುವರೆಗೂ ಒಂದು ಛತ್ರೀನೂ ತಗೊಂಡಿಲ್ಲ," ಎಂದರು ಚೇತನ್.

ಚಂದಾ ಇದ್ದ ಕಾಲದಲ್ಲಿ ಇವರು ಒಂದು ತಿಂಗಳೂ ತಪ್ಪದೆ ಕಟ್ಟಿದವರು ಎಂದೆ. ಅದು ಹಳೆಯ ಲೆಕ್ಕ, ಹೊಸ ಪದ್ಧತಿಯಲ್ಲಿ ಕಾಣುವುದಿಲ್ಲ ಎಂದು ಹೇಳಿ ಅವರು ಇನ್ನೊಂದು ಸಭೆಗೆ ಹೋದರು.

ಸಿಟ್ಟಿನಲ್ಲಿ ಬಂದು ಕೂತು ಪಟೇಲನನ್ನು ತೆರೆದೆ. ಸರೋಜ ಪಕ್ಕದಲ್ಲಿದ್ದರು, ಅವರಿಗೂ ಒಂದು ಕಂಪ್ಯೂಟರು ಹಾಕಿಕೊಟ್ಟೆ, ಮಲ್ಲಿಗೆಯೂ ಒಳಗೆ ಬಂದಳು. ಆ ಹೊತ್ತಿಗೆ ಸಂಜೆಯಾಗಿತ್ತು, ಏಳೂರಿನಲ್ಲಿ ಮಾಮೂಲಿ ಮಳೆ. ಕೆರೆಯ ಪಕ್ಕದ ಮನೆಯ ಮುಂದೆ ಚುಕ್ಕಿ ಛತ್ರಿಯಿಲ್ಲದೆ ನಿಂತಿದ್ದಳು. ನಾನು ಹತ್ತಿರ ಹೋಗಿ, ಊಟ ಆಯ್ತಾ ಎಂದು ಕೇಳಿ, ನಾನೇ ನಿಜವಾದ ಪಟೇಲ, ನಿಮ್ಮ ಅಕ್ಕ ಸುಳ್ಳು ಹೇಳಿಲ್ಲ ಎಂದೆ. ಊಟ ಆಯ್ತಾ ಅಂತ ಈಗ ಯಾರು ಬೇಕಾದರೂ ಕೇಳುತ್ತಾರೆ, ನೀವೂ ದುಡ್ಡು ಕೊಟ್ಟು ಕೊಂಡ ಪಟೇಲರೇ ಇರಬೇಕು, ದಾರಿ ಬಿಡಿ ಎಂದು ಬರೆದಳು. ಅವಳಿಗೆ ಗೊತ್ತಾಗುವುದಾದರೂ ಹೇಗೆ? ಅಷ್ಟರಲ್ಲಿ ಬಾಗಿಲು ತೆರೆದು ಸೈಲೆಂಟ್ ಕಿಂಗನೂ ಹೊರಗೆ ಬಂದ. ಅದೇ ಮೀಸೆ, ಅದೇ ರುಮಾಲು. ಇವನೇ ನಕಲಿ, ನಾನು ಅಸಲಿ ಎಂದು ಅವನೇ ಮೊದಲು ಕೂಗಿಕೊಂಡ. ಜಗಳ ನೋಡಲು ಕಟ್ಟೆಯಿಂದ ಪಟೇಲರ ಹಿಂಡೇ ಬಂತು, ಎಲ್ಲರೂ ತಾವೇ ಅಸಲಿ ಎನ್ನತೊಡಗಿದರು.

ಆಗ ನನ್ನ ಕಣ್ಣು ಪರದೆಯ ಮೂಲೆಯಲ್ಲಿ ಪಟೇಲನ ಸಾಮಾನೆಲ್ಲ ಪಟ್ಟಿಯಾಗಿ ಕಾಣುವ ಚೀಲದ ಮೇಲೆ ಬಿತ್ತು. ರುಮಾಲು ಮಾರಾಟದ ಸಾಮಾನು ಆದ ಮೇಲೆ ಅದನ್ನು ಕೊಂಡವರಿಗೆ ಹಾಕಲೂ ತೆಗೆಯಲೂ ಬರಬೇಕಲ್ಲ, ಎಲ್ಲ ರುಮಾಲಿಗೂ 'ತೆಗೆ' ಎಂಬ ಗುಂಡಿ ಬಂದಿತ್ತು. ನನ್ನದಕ್ಕೂ ಬಂದಿತ್ತು. ಯಾರೂ ಗಮನಿಸಿರಲಿಲ್ಲ. ನಾನು ಮೋಹನನನ್ನು ಕೂಗಿ, ಇದನ್ನು ಒತ್ತಿದರೆ ಏನಾಗುತ್ತದೆ ಎಂದು ಕೇಳಿದೆ. ಅವನು ಎದ್ದು ಬಂದ. "ಬೇಡ ಮೇಡಂ, ಮಾನ ಹೋಗುತ್ತೆ. ಒಳಗೆ ತಲೆ ಇಲ್ಲ."

ನಾನು ಒತ್ತಿದೆ.

ಹುಬ್ಬಿನವರೆಗೆ ಪಟೇಲ, ಅದರ ಮೇಲೆ ಖಾಲಿ. ಅವನ ಹಣೆ ಇರಬೇಕಾದಲ್ಲಿ ಹಿಂದಿನ ಕೆರೆ, ಬೀಳುತ್ತಿರುವ ಮಳೆ ಚೆನ್ನಾಗಿ ಕಾಣುತ್ತಿತ್ತು. ಅಷ್ಟು ಗಲಾಟೆ ಒಮ್ಮೆಲೇ ನಿಂತಿತು. ಕೊಂಡ ರುಮಾಲುಗಳೆಲ್ಲ ಕೊಂಡವರ ಸ್ವಂತ ತಲೆಯ ಮೇಲೆ ಕೂತಿದ್ದವು, ಆ ತಲೆಗಳನ್ನು ಮೊದಲೇ ಕೂದಲು ಸಮೇತ ಬಿಡಿಸಲಾಗಿತ್ತು. ತಲೆಯಿಲ್ಲದವನು ಇಡೀ ಏಳೂರಿನಲ್ಲಿ ಒಬ್ಬನೇ. ನಾನು, ಎಲ್ಲರದೂ ಊಟ ಆಯ್ತಾ ಎಂದು ಕೇಳಿ, ಆಗಿದ್ದರೆ ನೀವೂ ರುಮಾಲು ತೆಗೆಯಿರಿ ಎಂದೆ. ಯಾರೋ ಹಳೆಯ ಆಟಗಾರ ಬರೆದ: "ಇವ್ರೇ ಕಣ್ರೋ ನಮ್ ಪಟೇಲ್ರು. ಒಳಗೆ ಏನೂ ಇಲ್ಲ."

ಒಬ್ಬೊಬ್ಬರಾಗಿ ತೆಗೆದರು. ನೀಲಿ ಕೂದಲು, ಎರಡು ಕೊಂಬು, ಬೆಕ್ಕಿನ ಕಿವಿ. ಕೊನೆಗೆ ಸೈಲೆಂಟ್ ಕಿಂಗ್ ಒಬ್ಬನೇ ರುಮಾಲಿನಲ್ಲಿ ಉಳಿದ. ಸುತ್ತ ನಿಂತವರೆಲ್ಲ ಅವನ ಕಡೆಗೆ ತಿರುಗಿದರು. ಅವನೂ ತೆಗೆದ. ಒಳಗೆ ಚೆಂದದ ಜುಟ್ಟು. ತಮಾಷೆಗೆ ಮಾಡಿದ್ದು, ಸೀರಿಯಸ್ ಆಗಿ ತಗೋಬೇಡಿ ಗುರು ಎಂದು ಬರೆದು ಕೀಲಿಯನ್ನು ನನ್ನ ಕಡೆ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ. ಮಳೆಯಲ್ಲಿ ನಿಂತಿದ್ದಾಳಲ್ಲ, ಅವಳಿಗೆ ಕೊಡು ಎಂದೆ.

ಚುಕ್ಕಿ ಕೀಲಿ ತೆಗೆದುಕೊಂಡು ಒಳಗೆ ಹೋದಳು. ಮಲ್ಲಿಗೆ ಹೊರಗೇ ನಿಂತಿದ್ದಳು. ನನ್ನ ಪಕ್ಕದಲ್ಲಿ ಸರೋಜ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಬಾಗಿಲು ಮುಚ್ಚಿಕೊಂಡರೆ ಏನು ಹೇಳುವುದು ಎಂದು ನಾನು ಮಾತು ಹುಡುಕುತ್ತಿದ್ದೆ. ಬಾಗಿಲು ಮುಚ್ಚಲಿಲ್ಲ. ಪರದೆಯ ಮೇಲೆ ಒಂದು ಸಾಲು ಬಂತು: "ಬಾಕ್ಕ, ನೆನೀತಿದ್ದೀಯ."

ಸರೋಜ ಟೈಪ್ ಮಾಡುವುದನ್ನು ಮರೆತು, ಬಂದೆ ಕಣೆ ಎಂದು ಬಾಯಲ್ಲೇ ಹೇಳಿದರು.

ತಲೆಯಿಲ್ಲದ ಪಟೇಲನ ಚಿತ್ರ ಅವತ್ತೇ ಎಲ್ಲರ ಫೋನಿಗೂ ಹೋಯಿತು. ಚೇತನ್ ನನ್ನನ್ನು ಕರೆಸಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ತುಂಬಾ ಸಂತೋಷದಲ್ಲಿದ್ದರು. ವಾರದೊಳಗೆ 'ತಲೆಯಿಲ್ಲದ ಪಟೇಲ್, ಸೀಮಿತ ಆವೃತ್ತಿ' ಮಾರಾಟಕ್ಕೆ ಬಂತು. ಇದ್ದ ತಲೆಯನ್ನು ಕಳೆದುಕೊಳ್ಳಲು ಜನ ಮುಗಿಬಿದ್ದು ದುಡ್ಡು ಕೊಟ್ಟರು. ಮೊದಲು ಕೊಂಡವನು ಸೈಲೆಂಟ್ ಕಿಂಗ್. ಇನ್ನು ನನ್ನನ್ನು ಗುರುತಿಸಲು ಏಳೂರಿನಲ್ಲಿ ಯಾವ ದಾರಿಯೂ ಉಳಿಯಲಿಲ್ಲ. ನನ್ನ ನಿವೃತ್ತಿಯೂ ಹತ್ತಿರ ಬಂದಿತ್ತು.

ನನ್ನ ಕೆಲಸದ ಕೊನೆಯ ವಿಮರ್ಶೆಯಲ್ಲಿ ಚೇತನ್ ನನ್ನ ಹೆಸರಿನ ಮುಂದೆ ಒಂದು ಕೊರತೆ ಬರೆದರು. ನಾನು ಖುದ್ದಾಗಿ ನೋಡಿಕೊಂಡ ಇಬ್ಬರು ಹಳೆಯ ಆಟಗಾರ್ತಿಯರು ಮೊದಲು ದಿನಾ ಬರುತ್ತಿದ್ದವರು, ಆಮೇಲೆ ವಾರಕ್ಕೊಮ್ಮೆ ಬಂದರು, ಈಗ ಬರುವುದನ್ನೇ ನಿಲ್ಲಿಸಿದ್ದಾರೆ, ಇದು ಸೇವಾ ವೈಫಲ್ಯ ಎಂದು. ನಾನು ಸಹಿ ಹಾಕಿದೆ. ಕೊನೆಯ ಕಾಫಿ ಮಗ್ಗು ಕೊಟ್ಟರು.

ಮೊನ್ನೆ ರವಿಕೆ ಹೊಲಿಸಲು ಶೆಟ್ಟಿಹಳ್ಳಿಗೆ ಹೋಗಿದ್ದೆ. ಸರೋಜ ಮಿಷನ್ ತುಳಿಯುತ್ತಿದ್ದರು. ಹೊಸ್ತಿಲಿನ ಹತ್ತಿರ ಸ್ಟೂಲಿನ ಮೇಲೆ ಅವರಂತೆಯೇ ಮೂಗಿರುವ ಇನ್ನೊಬ್ಬರು ಕೂತು, ಹೊಲಿದು ಬಂದ ರವಿಕೆಗಳಿಗೆ ಹುಕ್ಕು ಹಾಕುತ್ತಿದ್ದರು. ರಜೆಯ ದಿನ ಬಂದುಬಿಡ್ತಾಳೆ, ಬೇಡ ಅಂದ್ರೂ ಕೇಳಲ್ಲ ಎಂದು ಸರೋಜ ದೂರುವ ದನಿಯಲ್ಲಿ ಹೇಳಿದರು. ಊಟ ಆಯ್ತಾ ಎಂದೆ. ಸುನಂದ ಸೂಜಿ ಕೆಳಗಿಟ್ಟು ಎದ್ದು ನಿಂತರು, ಪಟೇಲರೇ ಬಂದಂತೆ.

ಅಷ್ಟರಲ್ಲಿ ಸರೋಜರ ಫೋನು ಸದ್ದು ಮಾಡಿತು. ಅವರು ಕನ್ನಡಕ ಏರಿಸಿ ಜೋರಾಗಿ ಓದಿದರು. ನೀವಿಲ್ಲದೆ ಏಳೂರು ಬಿಕೋ ಎನ್ನುತ್ತಿದೆ, ಇವತ್ತೇ ಮರಳಿ ಬನ್ನಿ, ನಿಮಗಾಗಿ ಒಂದು ಛತ್ರಿ ಉಚಿತ.

ಸುನಂದ ಮತ್ತೆ ಕೂತು ಸೂಜಿಗೆ ದಾರ ಪೋಣಿಸಿಕೊಂಡರು. "ಇಲ್ಲಿ ಮಳೆ ನಿಂತಿದೆ ಅಂತ ಬರೆದುಬಿಡಕ್ಕ," ಎಂದರು.